ಕಡಿಮೆ ದುಡ್ಡಿನ ಹಾಲೋ ಬಾಡಿ ಗಿಟಾರ್: ಮೊದಲು ಕೇಬಲ್ ಇಲ್ಲದೆ ಕೇಳಿ

ಹಾಲೋ ಬಾಡಿ ಗಿಟಾರ್ (ಒಳಗೆ ಟೊಳ್ಳಾದ ಮರದ ಪೆಟ್ಟಿಗೆಯ ಎಲೆಕ್ಟ್ರಿಕ್ ಗಿಟಾರ್) ನೋಡಲು ಹೋದವರು ಹೆಚ್ಚಾಗಿ ಮೊದಲು ಮಾಡುವ ಕೆಲಸ ಕೇಬಲ್ ಚುಚ್ಚುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಹತ್ತು ನಿಮಿಷ ಆಂಪ್ (ದನಿ ದೊಡ್ಡದು ಮಾಡುವ ಪೆಟ್ಟಿಗೆ) ಕಡೆ ನೋಡಲೇಬೇಡಿ. ಗಿಟಾರನ್ನು ಹೊಟ್ಟೆಗೆ ಒರಗಿಸಿಕೊಂಡು, ದಪ್ಪ ಇ ತಂತಿಯನ್ನು ಹೆಬ್ಬೆರಳಿನಿಂದ ಒಂದು ಸಲ ಮೀಟಿ, ಸುಮ್ನೆ ಕೂತು ಕೇಳಿ. ಒಳ್ಳೆಯ ಗಿಟಾರ್ ಆದರೆ ಆ ನಡುಕ ನಿಮ್ಮ ಪಕ್ಕೆಗೆ ತಾಗುತ್ತದೆ. ದನಿ ಮೆಲ್ಲಗೆ, ಒಂದೇ ಸಮನಾಗಿ ಇಳಿಯುತ್ತದೆ. ಸರಿಯಿಲ್ಲದ ಗಿಟಾರಿನಲ್ಲಿ ಎಲ್ಲೋ ಒಂದು ಕಡೆ ಝರ್ ಅನ್ನುತ್ತದೆ, ಇಲ್ಲವೇ ದನಿ ಹುಟ್ಟಿದ ಕೂಡಲೇ ಸತ್ತುಹೋಗುತ್ತದೆ. ಪಿಕಪ್ (ತಂತಿಯ ನಡುಕ ಹಿಡಿದು ಆಂಪ್‌ಗೆ ಕಳಿಸುವ ಭಾಗ) ಬದಲಾಯಿಸಬಹುದು, ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹೊರುವ ತುಂಡು) ಬದಲಾಯಿಸಬಹುದು, ವೈರು ಬದಲಾಯಿಸಬಹುದು. ಮರದ ಪೆಟ್ಟಿಗೆಯನ್ನು ಬದಲಾಯಿಸಲು ಆಗುವುದಿಲ್ಲ, ಅಲ್ವಾ?

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಗಿಟಾರ್. ಹನ್ನೊಂದು ವರ್ಷದಿಂದ ಅದನ್ನೇ ನುಡಿಸುತ್ತಿದ್ದೇನೆ. ಗೆಳೆಯರ ಗಿಟಾರುಗಳನ್ನೂ ಬಿಚ್ಚಿ ಸರಿಮಾಡಿ ಕೊಟ್ಟಿದ್ದೇನೆ. ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಜಾತಿಯ ಗಿಟಾರ್ ಬೇಕು ಅಂತ ಗೊತ್ತು ಮಾಡಿಕೊಳ್ಳಿ. ಒಳಗೆ ಪೂರ್ತಿ ಟೊಳ್ಳಾದ, ದಪ್ಪ ಬಾಡಿಯದು ಒಂದು. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಇದೇ ಜಾತಿಯದು. ಜಾಸ್‌ನವರಿಗೆ ಇದು ಬಹಳ ಇಷ್ಟ. ಪೂರ್ತಿ ಟೊಳ್ಳೇ, ಆದರೆ ತೆಳು ಬಾಡಿಯದು ಇನ್ನೊಂದು. ಎಪಿಫೋನ್ ಕ್ಯಾಸಿನೋ ಈ ಸಾಲಿಗೆ ಸೇರುತ್ತದೆ. ಮೂರನೆಯದು ಸೆಮಿ ಹಾಲೋ. 1958ರ ಗಿಬ್ಸನ್ ಇಎಸ್-335ರಲ್ಲಿ ಮಾಡಿದ ಹಾಗೆ, ನಡುವೆ ಉದ್ದಕ್ಕೆ ಒಂದು ಗಟ್ಟಿ ಮರದ ದಿಮ್ಮಿ ಇರುತ್ತದೆ, ಎರಡು ಪಕ್ಕ ಮಾತ್ರ ಟೊಳ್ಳು. ಡ್ರಮ್ಸ್ ಪಕ್ಕ ನಿಂತು ಜೋರಾಗಿ ನುಡಿಸುವವರು ಸೆಮಿ ಹಾಲೋ ತಗೊಳ್ಳಿ. ಮನೆಯಲ್ಲಿ, ಚಿಕ್ಕ ಕೂಟದಲ್ಲಿ ನುಡಿಸುವವರಿಗೆ ಪೂರ್ತಿ ಟೊಳ್ಳಾದದ್ದು ಕೊಡುವ ಸುಖವೇ ಬೇರೆ. ಕಡಿಮೆ ದುಡ್ಡಿನಲ್ಲಿ ಹುಡುಕುವವರು ಇಬಾನೆಜ್ ಆರ್ಟ್‌ಕೋರ್ ನೋಡಬಹುದು. ಅದರಲ್ಲಿ ಎಎಫ್ ಅಂತ ಶುರುವಾಗುವುದು ಪೂರ್ತಿ ಟೊಳ್ಳು, ಎಎಸ್ ಅಂತ ಶುರುವಾಗುವುದು ಸೆಮಿ. ಎಪಿಫೋನ್ ಡಾಟ್, ಗ್ರೆಚ್ ಸ್ಟ್ರೀಮ್‌ಲೈನರ್ ಕೂಡ ಒಳ್ಳೆಯ ಆಯ್ಕೆಗಳು.

‘ಇದು ಬರೀ ಪ್ಲೈವುಡ್’ ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಹೆಸರುವಾಸಿ ಇಎಸ್-175ರ ಮೇಲ್ಹಲಗೆಯೂ ಪದರ ಪದರವಾಗಿ ಅಂಟಿಸಿದ ಮೇಪಲ್ ಮರವೇ. ಇಎಸ್-335ರದ್ದೂ ಅಷ್ಟೆ. ಪದರದ ಹಲಗೆ ಬಿಗಿಯಾಗಿರುತ್ತದೆ. ಅದಕ್ಕೇ ಆಂಪ್ ಮುಂದೆ ಬೇಗ ಕೂಗುವುದಿಲ್ಲ, ಬೇಗ ಸೀಳುವುದೂ ಇಲ್ಲ.

ಕೊಳ್ಳುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುವುದು ನೆಕ್ (ಕೈಯಲ್ಲಿ ಹಿಡಿಯುವ ಉದ್ದ ಕತ್ತು) ಕೂತಿರುವ ಕೋನವನ್ನು. ಬ್ರಿಜ್ ಎಷ್ಟು ಎತ್ತರದಲ್ಲಿದೆ ನೋಡಿ. ಬ್ರಿಜ್ ಪೂರ್ತಿ ಕೆಳಗಿಳಿದು ಕೂತಿದ್ದರೂ ತಂತಿಗಳು ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಬಹಳ ಮೇಲಿದ್ದರೆ, ನೆಕ್ ಮುಂದಕ್ಕೆ ಬಾಗಿ ಬಂದಿದೆ ಅಂತ ಅರ್ಥ. ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡಲು ಅದರೊಳಗಿರುವ ಲೋಹದ ಸರಳು) ತಿರುಗಿಸಿದರೆ ಇದು ಸರಿಹೋಗುವುದಿಲ್ಲ. ನೆಕ್ ಬಿಚ್ಚಿ ಮತ್ತೆ ಅಂಟಿಸಬೇಕು, ಆ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು. ಎಷ್ಟೇ ಚೆಂದ ಇದ್ದರೂ ಅಂಥದ್ದನ್ನು ಬಿಟ್ಟು ಬನ್ನಿ. ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಉಗುರು ಓಡಿಸಿ. ಬರೀ ಪಾಲಿಶ್ ಬಿರಿದಿದ್ದರೆ ಕೂದಲೆಳೆಯಷ್ಟು ಗೆರೆ ಸಿಗುತ್ತದೆ. ಉಗುರು ಒಳಗೆ ಹೋದರೆ, ಇಲ್ಲವೇ ನೆಕ್ಕನ್ನು ಮೆಲ್ಲಗೆ ಒತ್ತಿದಾಗ ಆ ಗೆರೆ ಅಗಲವಾದರೆ, ಬೇಡ. ಬಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ, ಬ್ರಿಜ್ ಕೆಳಗೆ ಹಲಗೆ ಕುಸಿದಿರಬಾರದು. ಆಮೇಲೆ ಎಫ್-ಹೋಲ್ (ಮೇಲ್ಹಲಗೆಯಲ್ಲಿ f ಆಕಾರದಲ್ಲಿ ಕೊರೆದ ತೂತು) ಒಳಗೆ ಮೊಬೈಲ್ ಟಾರ್ಚ್ ಬಿಟ್ಟು, ಬೆರಳ ಗೆಣ್ಣಿನಿಂದ ಮೇಲ್ಹಲಗೆಯನ್ನು ಅಲ್ಲಲ್ಲಿ ತಟ್ಟಿ. ಒಳಗಿನ ಪಟ್ಟಿ ಅಂಟು ಬಿಟ್ಟಿದ್ದರೆ ಟಕ್ ಅನ್ನುವ ಕಡೆ ಟಪ್ಪ್ ಅನ್ನುತ್ತದೆ. ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ ನುಡಿಸಿ. ಕೊನೆಗೆ ಕೇಬಲ್ ಹಾಕಿ. ಪಾಟ್ (ದನಿ ಏರಿಸಿ ಇಳಿಸುವ ತಿರುಗು ಗುಂಡಿಯ ಒಳಭಾಗ) ಕರಕರ ಅಂದರೆ, ಸ್ವಿಚ್ ಮುನಿಸಿಕೊಂಡರೆ ಹೆದರಬೇಡಿ. ಅವೆಲ್ಲ ಚಿಕ್ಕ ರಿಪೇರಿ, ಬೆಲೆ ಇಳಿಸಿ ಮಾತಾಡಲು ಒಳ್ಳೆಯ ನೆಪ.

ಇನ್ನು ಮನೆಗೆ ತಂದ ಮೇಲೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹಳೆ ತಂತಿಗಳನ್ನೆಲ್ಲ ಒಟ್ಟಿಗೆ ಬಿಚ್ಚಬೇಡಿ. ನಾನು ಬಿಚ್ಚಿದ್ದೆ. ನನ್ನ ಗಿಟಾರಿನ ಬ್ರಿಜ್ ಬಾಡಿಗೆ ಸ್ಕ್ರೂ ಹಾಕಿದ್ದಲ್ಲ. ಒಂದು ಮರದ ಪಾದದ ಮೇಲೆ, ತಂತಿಯ ಬಿಗಿಯಿಂದಷ್ಟೇ ಕೂತಿರುತ್ತದೆ. ಕೊನೆಯ ತಂತಿ ಬಿಚ್ಚಿದ ಕೂಡಲೇ ಅದು ಜಾರಿ ಕೈಗೆ ಬಂತು. ಅಂದಾಜಿನಲ್ಲಿ ಮತ್ತೆ ಇಟ್ಟೆ. ಆಮೇಲೆ ಒಂದು ತಿಂಗಳು ಗಿಟಾರ್ ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಖಾಲಿ ತಂತಿ ಸರಿ, ಏಳನೇ ಫ್ರೆಟ್ ದಾಟಿದರೆ ಅಪಸ್ವರ. ಟ್ಯೂನಿಂಗ್ ಕೀಲಿಗಳೇ ಕೆಟ್ಟಿವೆ ಅಂದುಕೊಂಡು ಹೊಸದನ್ನು ತಂದು ಹಾಕಿದೆ. ಏನೂ ಆಗಲಿಲ್ಲ. ತಪ್ಪು ಇದ್ದದ್ದು ಬ್ರಿಜ್ ನಿಂತ ಜಾಗದಲ್ಲಿ, ಅದೂ ನಾಲ್ಕೈದು ಮಿಲಿಮೀಟರ್ ಅಷ್ಟೆ.

ಹಾಗಾಗಿ ತಂತಿಗೆ ಕೈ ಹಾಕುವ ಮೊದಲು ಬ್ರಿಜ್ ಪಾದದ ಸುತ್ತ, ಪಾಲಿಶ್ ಕೀಳದ ಕಾಗದದ ಟೇಪ್ ಅಂಟಿಸಿ ಗುರುತು ಮಾಡಿ. ಗುರುತು ಕಳೆದುಹೋಗಿದ್ದರೂ ದಾರಿ ಇದೆ. ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಹಾಯುವ ಚಿಕ್ಕ ಪಟ್ಟಿ) ಒಳ ಅಂಚಿನಿಂದ 12ನೇ ಫ್ರೆಟ್‌ವರೆಗೆ ಅಳೆಯಿರಿ. 12ನೇ ಫ್ರೆಟ್‌ನಿಂದ ಬ್ರಿಜ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ ಇರಬೇಕು. ದಪ್ಪ ತಂತಿಗಳ ಕಡೆ ಎರಡು ಮೂರು ಮಿಲಿಮೀಟರ್ ಜಾಸ್ತಿ ಬಿಡಿ, ಬ್ರಿಜ್ ಸ್ವಲ್ಪ ಓರೆಯಾಗಿ ಕೂರುತ್ತದೆ. ಈಗ ಟ್ಯೂನರ್ ಹಚ್ಚಿ. 12ನೇ ಫ್ರೆಟ್ ಮೇಲೆ ಬೆರಳು ಒತ್ತದೆ ಬರೀ ತಾಗಿಸಿ, ಗಂಟೆಯಂಥ ಹಾರ್ಮೋನಿಕ್ ಸ್ವರ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲೆ ಹೋದರೆ ಬ್ರಿಜ್ ಹಿಂದಕ್ಕೆ, ಅಂದರೆ ತಂತಿಗಳ ತುದಿ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ ಸರಿಯಬೇಕು. ಕೆಳಗಿದ್ದರೆ ಮುಂದಕ್ಕೆ. ಸರಿಸುವ ಮೊದಲು ತಂತಿ ಸ್ವಲ್ಪ ಸಡಿಲ ಮಾಡಿ, ಇಲ್ಲದಿದ್ದರೆ ಪಾದ ಪಾಲಿಶನ್ನು ಗೀಚುತ್ತದೆ. ಮೊದಲು ಎರಡು ಇ ತಂತಿಗಳನ್ನು ಸರಿಮಾಡಿಕೊಂಡರೆ ಉಳಿದವು ಹತ್ತಿರ ಬರುತ್ತವೆ.

ಬ್ರಿಜ್ ಪಾದ ಮೇಲ್ಹಲಗೆಯ ಉಬ್ಬಿಗೆ ಪೂರ್ತಿ ಅಂಟಿ ಕೂತಿದೆಯೋ ಇಲ್ಲವೋ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಒಂದು ತೆಳು ಕಾಗದವನ್ನು ಪಾದದ ಅಂಚಿನಲ್ಲಿ ತೂರಿಸಿ ನೋಡಿ. ಒಳಗೆ ನುಗ್ಗಿದರೆ ಅಲ್ಲಿ ಸಂದು ಇದೆ, ತಂತಿಯ ನಡುಕ ಅಷ್ಟು ಜಾಗದಲ್ಲಿ ಪೆಟ್ಟಿಗೆಗೆ ಇಳಿಯುತ್ತಿಲ್ಲ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇದು ತೀರಾ ಸಾಮಾನ್ಯ. ಮಾಡುವುದು ಹೀಗೆ: ಬ್ರಿಜ್ ನಿಲ್ಲುವ ಜಾಗದಲ್ಲಿ 120 ನಂಬರಿನ ಉಪ್ಪುಕಾಗದವನ್ನು ಒರಟು ಮೈ ಮೇಲಾಗಿ ಇಟ್ಟು ಟೇಪ್ ಹಚ್ಚಿ. ಪಾದವನ್ನು ಅದರ ಮೇಲಿಟ್ಟು, ತಂತಿ ಹೋಗುವ ದಿಕ್ಕಿನಲ್ಲಿ ಚಿಕ್ಕ ಚಿಕ್ಕದಾಗಿ ಉಜ್ಜಿ. ಉಜ್ಜುವ ಮೊದಲು ಪಾದದ ಅಡಿಗೆ ಪೆನ್ಸಿಲ್‌ನಿಂದ ಗೀಚಿಕೊಳ್ಳಿ. ಮೊದಲು ಅಂಚಿನ ಪೆನ್ಸಿಲ್ ಗುರುತು ಹೋಗುತ್ತದೆ, ನಡುವೆ ಕಪ್ಪು ಉಳಿಯುತ್ತದೆ, ಇಲ್ಲವೇ ಇದರ ತಿರುಗುಮುರುಗು. ಎಲ್ಲ ಕಪ್ಪೂ ಸಮನಾಗಿ ಮಾಯವಾದಾಗ ಕೆಲಸ ಮುಗಿಯಿತು. ಕೊನೆಗೆ 220ರಲ್ಲಿ ಎರಡು ನಿಮಿಷ. ನನ್ನದಕ್ಕೆ ಒಟ್ಟು ಅರ್ಧ ಗಂಟೆ ಹಿಡಿಯಿತು. ತಂತಿ ಮತ್ತೆ ಹಾಕಿ ಮೀಟಿದಾಗ ಪಕ್ಕದ ಕೋಣೆಯಿಂದ ಅಮ್ಮ ‘ಹೊಸ ಗಿಟಾರಾ?’ ಅಂತ ಕೇಳಿದರು. ಅವರಿಗೆ ಗಿಟಾರಿನ ಬಗ್ಗೆ ಏನೂ ಗೊತ್ತಿಲ್ಲ. ಖರ್ಚಾದದ್ದು ಒಂದು ಹಾಳೆ ಉಪ್ಪುಕಾಗದ.

(ಕ್ಯಾಸಿನೋ, ಡಾಟ್ ತರಹ ಬ್ರಿಜ್ ಕಂಬಗಳು ಬಾಡಿಯೊಳಗೆ ಇಳಿದಿರುವ ಗಿಟಾರಿಗೆ ಈ ಕೆಲಸ ಇಲ್ಲ.)

ತಂತಿ ಹಾಕುವಾಗ ಸ್ವಲ್ಪ ದಪ್ಪದ್ದೇ ಹಾಕಿ. ಟೊಳ್ಳು ಪೆಟ್ಟಿಗೆಯನ್ನು ನಡುಗಿಸಲು 9ರ ತಂತಿಗೆ (ಸಣ್ಣ ಇ ತಂತಿ 0.009 ಇಂಚು ದಪ್ಪ ಇರುವ ಸೆಟ್) ಬಲ ಸಾಲದು. ನನಗೆ 11ರ ಫ್ಲಾಟ್‌ವೂಂಡ್ (ಮೈ ನಯವಾಗಿರುವ ತಂತಿ) ಹಿಡಿಸಿದೆ. ಬೆರಳು ಜಾರುವಾಗ ಕೀರಲು ಸದ್ದು ಬರುವುದಿಲ್ಲ, ದನಿ ಕೊಂಚ ಮಂದ, ದುಂಡಗೆ. ತಂತಿ ತುಂಬಾ ಬಗ್ಗಿಸಿ ಬ್ಲೂಸ್ ನುಡಿಸುವವರು 10ರ ಮಾಮೂಲಿ ತಂತಿಯಲ್ಲೇ ಇರಿ. ದಪ್ಪ ಬದಲಾದರೆ ನೆಕ್ ಬಾಗುವುದೂ ಬದಲಾಗುತ್ತದೆ. ದಪ್ಪ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದರೆ, 7ನೇ ಫ್ರೆಟ್ ಹತ್ತಿರ ಸುಮಾರು 0.2 ಮಿಲಿಮೀಟರ್ ಸಂದು ಇರಲಿ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಒಂದೇ ಸಲ ಜಾಸ್ತಿ ತಿರುಗಿಸಬೇಡಿ. ಇದಾದ ಮೇಲೆ 12ನೇ ಫ್ರೆಟ್ ಮೇಲೆ ದಪ್ಪ ತಂತಿಗೆ 2 ಮಿಲಿಮೀಟರ್, ಸಣ್ಣ ತಂತಿಗೆ 1.5 ಬಿಟ್ಟರೆ ಕೈಗೆ ಹಿತ.

ಶ್ರುತಿ ಮಾಡುವಾಗ ನಟ್‌ನಿಂದ ಟಿಂಕ್ ಅಂತ ಸದ್ದು ಬಂದರೆ ತಂತಿ ಅದರ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಮೆತ್ತನೆಯ ಪೆನ್ಸಿಲ್ ಮೊನೆಯನ್ನು ಆ ಕಚ್ಚಿನಲ್ಲಿ ಉಜ್ಜಿ. ಬಿಗ್ಸ್‌ಬಿ (ಸ್ವರ ಅಲುಗಿಸಲು ಇರುವ ಕೈಹಿಡಿಯ ಟೇಲ್‌ಪೀಸ್) ಇರುವ ಗಿಟಾರ್ ಶ್ರುತಿಯಲ್ಲಿ ನಿಲ್ಲದಿದ್ದರೂ ಮೊದಲು ನೋಡಬೇಕಾದದ್ದು ನಟ್ಟನ್ನೇ, ಆಮೇಲೆ ಬ್ರಿಜ್ಜನ್ನು.

ಝರ್ ಅನ್ನುವ ಸದ್ದು ಉಳಿದಿದ್ದರೆ ಗೆಳೆಯರೊಬ್ಬರನ್ನು ಕೂರಿಸಿ ಒಂದೇ ಸ್ವರ ನುಡಿಸಲು ಹೇಳಿ. ನೀವು ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತುತ್ತಾ ಹೋಗಿ: ಪಿಕ್‌ಗಾರ್ಡ್ (ಬಾಡಿಗೆ ಗೀರು ಬೀಳದಂತೆ ಹಾಕಿದ ಹಲಗೆ) ಹಿಡಿದಿರುವ ಕೊಂಡಿ, ಪಿಕಪ್ ಸ್ಪ್ರಿಂಗ್, ಬ್ರಿಜ್ ಸ್ಕ್ರೂ, ಪಾಟ್‌ನ ನಟ್. ಬ್ರಿಜ್‌ನ ಹಿಂದೆ ಟೇಲ್‌ಪೀಸ್‌ವರೆಗೆ ಇರುವ ತಂತಿಯ ತುಂಡುಗಳೂ ತಮ್ಮಷ್ಟಕ್ಕೆ ಹಾಡುತ್ತವೆ. ಅವುಗಳ ನಡುವೆ ಒಂದು ಫೆಲ್ಟ್ ಪಟ್ಟಿಯನ್ನು ಮೇಲೆ ಕೆಳಗೆ ಹೆಣೆದಂತೆ ತೂರಿಸಿದರೆ ಸುಮ್ಮನಾಗುತ್ತವೆ.

ಈಗ ಪಿಕಪ್. ಬದಲಾಯಿಸುವ ಮೊದಲು ಎತ್ತರ ಸರಿಮಾಡಿ ನೋಡಿ. ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಹಂಬಕರಿಗೂ (ಎರಡು ಸುರುಳಿಯ ಪಿಕಪ್) ನಡುವೆ ದಪ್ಪ ತಂತಿ ಕಡೆ 2.5, ಸಣ್ಣದರ ಕಡೆ 2 ಮಿಲಿಮೀಟರಿನಿಂದ ಶುರುಮಾಡಿ. ನೆಕ್ ಪಿಕಪ್ ಮಂಕಾಗಿ ಕೇಳಿಸಿದರೆ ಇನ್ನೂ ಸ್ವಲ್ಪ ಇಳಿಸಿ. ಎಷ್ಟೋ ಸಲ ಹೊಸ ಪಿಕಪ್ ಬೇಕಾಗುವುದೇ ಇಲ್ಲ.

ಪಾಟ್ ಮಾತ್ರ ನಾನು ಬದಲಾಯಿಸಿದೆ. ಇದು ತಾಳ್ಮೆಯ ಕೆಲಸ, ಏಕೆಂದರೆ ಹಿಂದೆ ಮುಚ್ಚಳ ಇಲ್ಲ. ಎಲ್ಲವೂ ಎಫ್-ಹೋಲ್ ಮೂಲಕವೇ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಒಂದು ರಟ್ಟಿನ ಮೇಲೆ ತೂತುಗಳ ಜಾಗ ಗುರುತು ಮಾಡಿ, ಹೊಸ 500ಕೆ (ಕಿಲೋ ಓಮ್) ಪಾಟ್‌ಗಳನ್ನು ಅದರ ಮೇಲೆಯೇ ಕೂರಿಸಿ ಬೆಸುಗೆ ಹಾಕಿ, ಅಲ್ಲೇ ಆಂಪ್‌ಗೆ ಹಚ್ಚಿ ಪರೀಕ್ಷೆ ಮಾಡಿ. ಒಳಗೆ ಹೋದ ಮೇಲೆ ಬೆಸುಗೆ ಬಿಟ್ಟರೆ ಮತ್ತೆ ಎಲ್ಲ ಹೊರಗೆ ಎಳೆಯಬೇಕಾಗುತ್ತದೆ. ಆಮೇಲೆ ಪಾಟ್‌ನ ಕಡ್ಡಿಯ ಮೇಲೆ ಬಿಗಿಯಾಗಿ ಕೂರುವ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ತಗೊಳ್ಳಿ. ಅದನ್ನು ಮೇಲಿನ ತೂತಿನಿಂದ ಇಳಿಸಿ, ಎಫ್-ಹೋಲ್‌ನಿಂದ ಹೊರಗೆ ತಂದು, ಪಾಟ್‌ಗೆ ಸಿಕ್ಕಿಸಿ, ಮೆಲ್ಲಗೆ ಎಳೆಯಿರಿ. ಪಾಟ್ ಕತ್ತಲೆಯಲ್ಲಿ ಎಲ್ಲೋ ತಡವರಿಸುತ್ತದೆ, ಮರಕ್ಕೆ ಟೊಕ್ ಅಂತ ತಾಗುತ್ತದೆ, ಆಮೇಲೆ ಕಡ್ಡಿ ತೂತಿನಲ್ಲಿ ತಲೆ ಹಾಕುತ್ತದೆ. ಆ ಕ್ಷಣ ಪಾಟ್‌ನ ನಟ್ ಕೈಯಲ್ಲೇ ಇರಲಿ. ಎಫ್-ಹೋಲ್‌ಗೆ ಎಲ್ಲಕ್ಕಿಂತ ದೂರ ಇರುವುದನ್ನು ಮೊದಲು ಕೂರಿಸಿ. ಜ್ಯಾಕ್ (ಕೇಬಲ್ ಚುಚ್ಚುವ ಕಿಂಡಿ) ಒಳಗೆ ಬಿದ್ದಿದ್ದರೂ ಇದೇ ಉಪಾಯ, ಅದರ ಬಾಯಿಯೊಳಗೆ ಬಿಗಿಯಾಗಿ ಹೋಗುವ ಕೊಳವೆ ಸಾಕು. ಪಾಟ್ ಕೊಳ್ಳುವ ಮುಂಚೆ ಅದರ ಕತ್ತಿನ ಅಳತೆ ನೋಡಿಕೊಳ್ಳಿ: ದೊಡ್ಡ ಪಾಟ್‌ಗೆ ಸುಮಾರು 9.5 ಮಿಲಿಮೀಟರ್ ತೂತು ಬೇಕು, ಅಗ್ಗದ ಗಿಟಾರುಗಳ ತೂತು ಹೆಚ್ಚಾಗಿ ಅದಕ್ಕಿಂತ ಚಿಕ್ಕದು. ಹಿಗ್ಗಿಸಬೇಕಾದರೆ ಕೈ ರೀಮರ್ ಬಳಸಿ. ಡ್ರಿಲ್ ಹಾಕಿದರೆ ಪದರ ಎದ್ದುಬರುತ್ತದೆ.

ಜೋರಾಗಿ ನುಡಿಸುವಾಗ ಗಿಟಾರ್ ಊಳಿಟ್ಟರೆ ಮೊದಲು ನೀವು ನಿಂತ ಜಾಗ ಬದಲಾಯಿಸಿ. ಗಿಟಾರಿನ ಮುಖ ಸ್ಪೀಕರ್ ಕಡೆ ಇರಬಾರದು. ಆಂಪ್‌ನಲ್ಲಿ ಬೇಸ್ ಇಳಿಸಿ. ಸಾಲದಿದ್ದರೆ ಎಫ್-ಹೋಲ್ ಆಕಾರಕ್ಕೆ ಕಪ್ಪು ಫೋಮ್ ಕತ್ತರಿಸಿ ತುರುಕಿ, ಬೇಡವಾದಾಗ ತೆಗೆಯಬಹುದು. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ತಮ್ಮ ಗಿಟಾರಿನೊಳಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರಿಗಾಗಿ ಲೂಸಿಲ್ ಮಾದರಿ ಹೊರತಂದಾಗ ಎಫ್-ಹೋಲ್ ಇಲ್ಲದೆಯೇ ಮಾಡಿತು.

ಎಲ್ಲ ಮುಗಿದ ಮೇಲೆ ಗಿಟಾರನ್ನು ಶ್ರುತಿ ಮಾಡಿ ಎರಡು ವಾರ ನುಡಿಸಿ. ಹೊಸ ತಂತಿಯ ಎಳೆತಕ್ಕೆ ನೆಕ್ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಆಮೇಲೆ 7ನೇ ಫ್ರೆಟ್ ಸಂದು, 12ನೇ ಫ್ರೆಟ್ ಎತ್ತರ, ಬ್ರಿಜ್ ಜಾಗ, ಈ ಮೂರನ್ನೂ ಇನ್ನೊಂದು ಸಲ ಅಳೆಯಿರಿ. ಸರಿಯಾಗಿ ಬಂದ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಿಟಾರ್ ಕೇಸಿನೊಳಗೆ ಇಡಿ. ಮುಂದಿನ ಸಲ ತಂತಿ ಬದಲಾಯಿಸುವಾಗ ಅದು ಬೇಕಾಗುತ್ತದೆ.