ಟರ್ಬೊ ಬೂಸ್ಟ್ ಹತೋಟಿ: ಮೊದಲು ಸ್ಪ್ರಿಂಗ್, ಆಮೇಲೆ ಸೊಲೆನಾಯ್ಡ್

ಮಾರ್ಪಾಡು ಮಾಡಿದ ಪೆಟ್ರೋಲ್ ಟರ್ಬೊ ಎಂಜಿನ್ನಿನ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ತಳ್ಳುವ ಹೆಚ್ಚುವರಿ ಒತ್ತಡ) ಏರಿಸುವ ಮುನ್ನ ಒಂದು ಅಂಕಿ ಗೊತ್ತಿರಲೇಬೇಕು: ವೇಸ್ಟ್‌ಗೇಟಿನ, ಅಂದರೆ ಎಕ್ಸಾಸ್ಟನ್ನು ಟರ್ಬೊ ಪಕ್ಕದಿಂದ ಹೊರಬಿಟ್ಟು ಬೂಸ್ಟ್ ತಡೆಯುವ ಬಾಗಿಲಿನ, ಸ್ಪ್ರಿಂಗ್ ಎಷ್ಟು ಒತ್ತಡಕ್ಕೆ ಮಣಿಯುತ್ತದೆ? 0.5 ಬಾರ್ ಸ್ಪ್ರಿಂಗ್ ಇದ್ದರೆ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದಕ್ಕಿಂತ ಕಡಿಮೆ ಬೂಸ್ಟನ್ನು ಯಾವ ಕಂಟ್ರೋಲರ್ ಕೂಡ ಹಿಡಿದಿಡಲಾರದು. ಮೇಲಕ್ಕೆ ಸುಮಾರು ಎರಡು ಪಟ್ಟಿನವರೆಗೆ ಹಿಡಿತ ಸಿಗುತ್ತದೆ. 1.4 ಬಾರ್ ಬೇಕಿದ್ದರೆ ಗಟ್ಟಿ ಸ್ಪ್ರಿಂಗನ್ನೇ ಹಾಕಿ. ಆ ಬಾಗಿಲನ್ನು ಆಡಿಸುವ ಆಕ್ಚುಯೇಟರ್ ಕಡ್ಡಿಯನ್ನು 2 ಮಿ.ಮೀ.ಯಷ್ಟು ಎಳೆದು ಸೇರಿಸುವಂತಿರಲಿ. ಸಡಿಲವಿದ್ದರೆ ಎಕ್ಸಾಸ್ಟ್ ಒತ್ತಡವೇ ಬಾಗಿಲನ್ನು ಬೇಗ ತೆರೆಯುತ್ತದೆ.

ಮೊದಲು ಸೋರಿಕೆ ಹುಡುಕಿ. ಟರ್ಬೊ ಒಳಬಾಯಿಗೆ ಮುಚ್ಚಳ ಹಾಕಿ ಕಂಪ್ರೆಸರಿನಿಂದ 0.7 ಬಾರ್ ಗಾಳಿ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಬ್ರೀದರ್ ಪೈಪನ್ನು (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕಿಗೆ ಒಯ್ಯುವುದು) ಕಳಚಿಡಿ, ಆದರೆ ಎರಡೂ ಕಡೆ ಮುಚ್ಚಬೇಡಿ: ಇನ್‌ಟೇಕ್ ಕಡೆಯ ಬಾಯಿ ಮಾತ್ರ ಮುಚ್ಚಿ, ಆಯಿಲ್ ಕ್ಯಾಪ್ ತೆಗೆದಿಡಿ. ಇಲ್ಲದಿದ್ದರೆ ಒತ್ತಡ ಆಯಿಲ್ ಸೀಲನ್ನು ಹೊರದಬ್ಬೀತು.

ವೇಸ್ಟ್‌ಗೇಟಿಗೆ ಹೋಗುವ ಗಾಳಿಯನ್ನು ಕರೆಂಟಿನಿಂದ ಹತೋಟಿ ಮಾಡುವ ವಾಲ್ವ್, ಅಂದರೆ ಮೂರು ಬಾಯಿಯ ಸೊಲೆನಾಯ್ಡನ್ನು ಊದಿ ನೋಡಿ. ಕರೆಂಟ್ ಇಲ್ಲದಾಗ ಟರ್ಬೊ ಕಂಪ್ರೆಸರ್ ಕಡೆಯ ಬಾಯಿಯಿಂದ ವೇಸ್ಟ್‌ಗೇಟಿಗೆ ದಾರಿ ತೆರೆದಿರಬೇಕು. ಕರೆಂಟ್ ಕೊಟ್ಟಾಗ ವೇಸ್ಟ್‌ಗೇಟಿನ ಗಾಳಿ ಹೊರಕ್ಕೆ ಹೋಗಬೇಕು. ಹೀಗಿದ್ದರೆ ವೈರ್ ಕಡಿದರೂ ಬೂಸ್ಟ್ ಸ್ಪ್ರಿಂಗ್ ಮಟ್ಟಕ್ಕೆ ಇಳಿಯುತ್ತದೆ. ಆದರೆ ವೇಸ್ಟ್‌ಗೇಟಿಗೆ ಗಾಳಿ ಒಯ್ಯುವ ಹೋಸ್ ಕಳಚಿದರೆ ಕಥೆಯೇ ಬೇರೆ: ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗಿ ಪಿಸ್ಟನ್ ಒಡೆಯಬಹುದು. ಹೋಸ್ ಚಿಕ್ಕದಿರಲಿ, ಪ್ರತಿ ತುದಿಗೂ ಕ್ಲಿಪ್ ಇರಲಿ, ಬೇರೆ ಯಾವುದಕ್ಕೂ ಕವಲು ತೆಗೆಯಬೇಡಿ.

ಹೊಂದಾಣಿಕೆ ಡೈನೋ (ಗಾಡಿ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೇ ಆಗಲಿ. 0% ಡ್ಯೂಟಿಯಲ್ಲಿ (ಸೊಲೆನಾಯ್ಡಿಗೆ ಕರೆಂಟ್ ಸಿಗುವ ಸಮಯದ ಪಾಲು) ನಾಲ್ಕನೇ ಗೇರಿನಲ್ಲಿ ಪೂರ್ತಿ ಓಡಿಸಿ, ಲಾಗ್ ತೆಗೆಯಿರಿ. ಬಳಿಕ 5% ರಂತೆ ಏರಿಸುತ್ತಾ ಪ್ರತಿ ಹಂತದಲ್ಲೂ ನಾಕಿಂಗ್ (ಇಂಧನ ಹಠಾತ್ತನೆ ಸಿಡಿದು ಬರುವ ಬಡಿತ) ಮತ್ತು ಗಾಳಿ-ಇಂಧನ ಮಿಶ್ರಣ ನೋಡಿ. ಪೂರ್ಣ ಬೂಸ್ಟಿನಲ್ಲಿ ಲ್ಯಾಂಬ್ಡಾ (ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು) 0.80ರ ಆಸುಪಾಸು ಇರಲಿ. ಇಂಧನ ಕಡಿತದ ಮಿತಿಯನ್ನು ಗುರಿಗಿಂತ 0.2 ಬಾರ್ ಮೇಲೆ ಇಡಿ. ಹೊರಗಿನ ಗಾಳಿಯದ್ದೂ ಸೇರಿ ಇನ್‌ಟೇಕಿನ ಒಟ್ಟು ಒತ್ತಡ ಅಳೆಯುವ 2.5 ಬಾರ್ ಮ್ಯಾಪ್ ಸೆನ್ಸರ್ ಸಮುದ್ರಮಟ್ಟದಲ್ಲಿ 1.5 ಬಾರ್ ಬೂಸ್ಟಿಗೇ ಕೈಚೆಲ್ಲುತ್ತದೆ, ಅದರಾಚೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕುರುಡು.

ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 0.9 ಬಾರ್. ಮಂಗಳೂರಿನಲ್ಲಿ 1.0 ಬಾರ್ ಬೂಸ್ಟ್ ಕೊಡುವ ಒಟ್ಟು ಒತ್ತಡ ಇಲ್ಲಿ ಬೇಕೆಂದರೆ 1.1 ತಳ್ಳಬೇಕು, ಟರ್ಬೊ ಇನ್ನಷ್ಟು ಜೋರಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ.

ಬೂಸ್ಟ್ ಶುರುವಿನಲ್ಲಿ ಚಿಮ್ಮಿ ಮತ್ತೆ ಇಳಿದರೆ ಆ ಆರ್‌ಪಿಎಂನಲ್ಲಿ ಡ್ಯೂಟಿ ತಗ್ಗಿಸಿ. 0% ಇದ್ದರೂ ಆರ್‌ಪಿಎಂ ಜೊತೆ ಬೂಸ್ಟ್ ತೆವಳುತ್ತಾ ಏರಿದರೆ ಸೊಲೆನಾಯ್ಡನ್ನು ದೂರಬೇಡಿ: ಅಡೆತಡೆ ಕಡಿಮೆಯಿರುವ ಫ್ರೀ ಎಕ್ಸಾಸ್ಟ್ ಹಾಕಿದ ಮೇಲೆ ವೇಸ್ಟ್‌ಗೇಟ್ ತೂತು ಸಾಲದಾಗಿದೆ. ಅದನ್ನು ಕೊರೆದು ದೊಡ್ಡದು ಮಾಡಿ, ಬಾಗಿಲನ್ನೂ ಅದಕ್ಕೆ ತಕ್ಕಂತೆ ಬದಲಿಸಿ.