ದಾಸವಾಳದ ಕೇಸರ, ಚಗಳಿಯ ಕಣ್ಣು: ಮ್ಯಾಕ್ರೊ ಫೋಟೊ ಶಾರ್ಪ್ ಆಗಿ ಬರಬೇಕಾದರೆ

ಪುಟ್ಟ ವಸ್ತುವನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಫೋಟೊ ಮಸುಕಾಗಿ ಬಂದರೆ ಹೆಚ್ಚಿನವರು ಮೊದಲು ದೂರುವುದು ಲೆನ್ಸನ್ನು. ತಪ್ಪು ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. 1:1 ಅಳತೆ ಎಂದರೆ 8 ಮಿ.ಮೀ. ಉದ್ದದ ಚಗಳಿ ಇರುವೆ ಸೆನ್ಸರಿನ ಮೇಲೂ 8 ಮಿ.ಮೀ. ಉದ್ದವಾಗಿಯೇ ಬೀಳುವುದು. ಆಗ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (36×24 ಮಿ.ಮೀ. ಸೆನ್ಸರ್) ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್/8 ಇಟ್ಟರೂ ಶಾರ್ಪ್ ಆಗಿ ಕಾಣುವ ಪದರ ಸುಮಾರು 1 ಮಿ.ಮೀ. ಮಾತ್ರ. ಎಫ್/2.8ರಲ್ಲಿ ಅದರ ಮೂರನೇ ಒಂದು ಪಾಲು. ಆ ತೆಳು ಪದರವನ್ನು ಸರಿಯಾದ ಜಾಗಕ್ಕೆ ತಂದು, ಕ್ಲಿಕ್ಕಿಸುವ ತನಕ ಅಲ್ಲಾಡದಂತೆ ನಿಲ್ಲಿಸುವುದೇ ಇಲ್ಲಿನ ಕೆಲಸ.

90ರಿಂದ 105 ಮಿ.ಮೀ.ವರೆಗಿನ ಮ್ಯಾಕ್ರೊ ಲೆನ್ಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 50 ಮಿ.ಮೀ. ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುವ, ಗಾಜಿಲ್ಲದ ಕೊಳವೆ) ಸಾಕು. ಟ್ಯೂಬಿನ ಉದ್ದವನ್ನು ಲೆನ್ಸಿನ (ಇಲ್ಲಿ 50 ಮಿ.ಮೀ.) ಫೋಕಲ್ ಲೆಂತ್‌ನಿಂದ ಭಾಗಿಸಿದರೆ ವರ್ಧನೆ, ಅಂದರೆ ವಸ್ತು ಸೆನ್ಸರಿನ ಮೇಲೆ ತನ್ನ ಅಳತೆಯ ಎಷ್ಟು ಪಟ್ಟು ಬೀಳುತ್ತದೆಂಬುದು ಸಿಗುತ್ತದೆ: 25 ಮಿ.ಮೀ. ಟ್ಯೂಬ್ ಹಾಕಿದರೆ, ಫೋಕಸ್ ಅನಂತದಲ್ಲಿದ್ದಾಗಲೂ ವಸ್ತುವಿನ ಅರ್ಧ ಅಳತೆ ಸಿಗುತ್ತದೆ. ಕೊಳ್ಳುವಾಗ ವಿದ್ಯುತ್ ಸಂಪರ್ಕದ ಪಿನ್‌ಗಳಿರುವ ಟ್ಯೂಬನ್ನೇ ಆರಿಸಿ. ಪಿನ್ ಇಲ್ಲದ್ದರಲ್ಲಿ ಈಗಿನ ಹೆಚ್ಚಿನ ಲೆನ್ಸ್‌ಗಳ ಅಪರ್ಚರ್ ಬದಲಿಸಲು ಆಗುವುದಿಲ್ಲ.

ಆಟೊಫೋಕಸ್ ಆಫ್ ಮಾಡಿ. ಎಷ್ಟು ದೊಡ್ಡದಾಗಿ ಬೇಕೋ ಅಷ್ಟಕ್ಕೆ ಫೋಕಸ್ ರಿಂಗ್ ತಿರುಗಿಸಿ, ಅದನ್ನು ಅಲ್ಲೇ ಬಿಡಿ. ಆಮೇಲೆ ಕ್ಯಾಮೆರಾ ಸಮೇತ ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಯಬೇಕು. ಕಣ್ಣು ಶಾರ್ಪ್ ಆಗುವ ಹೊತ್ತಿಗೆ ಐದಾರು ಫೋಟೊ ಸಾಲಾಗಿ ಹೊಡೆಯಿರಿ. ಎಡಗೈಯಲ್ಲಿ ಗಿಡದ ಕಡ್ಡಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿದರೆ ಗಾಳಿ ಬೀಸಿದರೂ ಕಡ್ಡಿ ಮತ್ತು ಲೆನ್ಸ್ ಒಟ್ಟಿಗೇ ಆಡುತ್ತವೆ. ಚಗಳಿ ಇರುವ ಟೊಂಗೆಯಲ್ಲಿ ಮಾತ್ರ ಇದು ಬೇಡ, ಕಚ್ಚಿ ಉರಿಸುತ್ತದೆ.

ಕೋನದ ಲೆಕ್ಕ ದಾಸವಾಳದಲ್ಲಿ ಚೆನ್ನಾಗಿ ತಿಳಿಯುತ್ತದೆ. ಹೂವಿನ ಎದುರಿಗೆ ನಿಂತು ತೆಗೆದರೆ ತುದಿಯ ಐದು ಪುಟ್ಟ ಗುಂಡುಗಳಷ್ಟೇ ಶಾರ್ಪ್, ಹಿಂದಿನ ಪರಾಗವೆಲ್ಲ ಹಳದಿ ಮಂಜು. ಅದೇ ಕೇಸರದ ದಂಡಕ್ಕೆ ಸೆನ್ಸರ್ ಸಮಾನಾಂತರವಾಗುವಂತೆ ಪಕ್ಕದಿಂದ ತೆಗೆದರೆ, ಅದೇ ಎಫ್/8ರಲ್ಲಿ ದಂಡದುದ್ದಕ್ಕೂ ಪರಾಗದ ಒಂದೊಂದು ಕಾಳನ್ನೂ ಎಣಿಸಬಹುದು. ಅಪರ್ಚರ್ ಮುಟ್ಟುವ ಮುಂಚೆ ನಿಂತ ಜಾಗ ಬದಲಿಸಿ ನೋಡಿ.

ಎಫ್/22 ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಫೋಟೊ ಕೆಡಿಸುತ್ತದೆ. ಹತ್ತಿರ ಹೋದಂತೆ ಅಪರ್ಚರ್ ಸಂಖ್ಯೆಯನ್ನು (1 + ವರ್ಧನೆ)ಯಿಂದ ಗುಣಿಸಬೇಕು. 1:1ರಲ್ಲಿ ಎಫ್/11 ಎಂದರೆ ಸುಮಾರು ಎಫ್/22, ಎಫ್/22 ಎಂದರೆ ಎಫ್/44! ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡಿ, ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/8ರಿಂದ ಎಫ್/11ರೊಳಗೆ ಇರಿ.

ಓಡಾಡುವ ಹುಳಕ್ಕೆ ಫ್ಲಾಶ್ ಬೇಕೇ ಬೇಕು. ಕ್ಯಾಮೆರಾ ಮ್ಯಾನುಯಲ್, ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 200, ಫ್ಲಾಶ್ ಪವರ್ 1/16ರಿಂದ ಶುರು ಮಾಡಿ. ಕಡಿಮೆ ಪವರಿನಲ್ಲಿ ಫ್ಲಾಶ್ ಮಿಂಚುವ ಅವಧಿ ತೀರಾ ಚಿಕ್ಕದು, ಚಲನೆಯನ್ನು ಹಿಡಿದು ನಿಲ್ಲಿಸುವುದು ಅದೇ. ಮೊದಲು ಫ್ಲಾಶ್ ಆಫ್ ಮಾಡಿ ಒಂದು ಫೋಟೊ ತೆಗೆಯಿರಿ. ಅದು ಹೆಚ್ಚುಕಡಿಮೆ ಕಪ್ಪಾಗಿ ಬರಬೇಕು. ಬರದಿದ್ದರೆ ಬಿಸಿಲಿನ ಬೆಳಕು ಪಕ್ಕದಲ್ಲೇ ಎರಡನೇ ಮಸುಕು ಅಂಚು ಮೂಡಿಸುತ್ತದೆ, ಐಎಸ್‌ಒ ಇಳಿಸಿ. ಚಗಳಿಯ ನುಣುಪು ತಲೆಯ ಮೇಲೆ ಬರಿ ಫ್ಲಾಶ್ ಬಿಳಿ ಚುಕ್ಕೆಯಾಗಿ ಉರಿಯುತ್ತದೆ. ಫ್ಲಾಶಿನ ಮುಂದೆ ಅಗಲವಾದ ಟ್ರೇಸಿಂಗ್ ಪೇಪರ್ ಕಟ್ಟಿ, ಆದಷ್ಟು ಹುಳದ ಸಮೀಪಕ್ಕೆ ತನ್ನಿ.

ಕದಲದ ವಸ್ತುವಿಗೆ ಟ್ರೈಪಾಡ್, 2 ಸೆಕೆಂಡ್ ಟೈಮರ್, ಲೈವ್ ವ್ಯೂ (ಕ್ಯಾಮೆರಾದ ಪರದೆಯಲ್ಲಿ ಕಾಣುವ ಚಿತ್ರ) ಹಿಗ್ಗಿಸಿ ಫೋಕಸ್. ಇನ್ನೂ ಆಳ ಬೇಕಿದ್ದರೆ ಎಫ್/5.6 ಇಟ್ಟು, 0.3 ಮಿ.ಮೀ. ಹೆಜ್ಜೆಯಲ್ಲಿ ಮುಂದಿನಿಂದ ಹಿಂದಕ್ಕೆ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ. 1 ಸೆಂ.ಮೀ. ಆಳಕ್ಕೆ ಸುಮಾರು 35 ಫೋಟೊ ಆಗುತ್ತದೆ. ಹೆಜ್ಜೆ ದೊಡ್ಡದಾದರೆ ಜೋಡಿಸಿದ ಚಿತ್ರದಲ್ಲಿ ನಡುನಡುವೆ ಮಸುಕು ಪಟ್ಟಿಗಳು ಉಳಿಯುತ್ತವೆ. ಫ್ಯಾನ್ ಆರಿಸುವುದು ಮರೆಯಬೇಡಿ.

ತೆಗೆದದ್ದನ್ನು 100% ಹಿಗ್ಗಿಸಿ ನೋಡಿ. ಚುಕ್ಕೆಗಳು ಒಂದೇ ದಿಕ್ಕಿಗೆ ಗೆರೆಗಳಂತೆ ಎಳೆದಿದ್ದರೆ ಕೈ ಅಲ್ಲಾಡಿದೆ. ಕಣ್ಣು ಮಸುಕು, ಹಿಂದಿನ ಕಾಲಿನ ರೋಮ ಸ್ಪಷ್ಟ ಎಂದಾದರೆ ಪದರ ಹಿಂದೆ ಬಿದ್ದಿದೆ. ಎಲ್ಲವೂ ಒಂದೇ ಸಮ ಮೆತ್ತಗಿದ್ದರೆ ಅಪರ್ಚರ್ ನೋಡಿ, ಅದೂ ಸರಿಯಿದ್ದರೆ ಲೆನ್ಸಿನ ಮುಂದಿನ ಗಾಜನ್ನು ಬೆಳಕಿಗೆ ಹಿಡಿಯಿರಿ: ಎಸಿ ಕೋಣೆಯಿಂದ ಮಳೆಗಾಲದ ತೋಟಕ್ಕೆ ಬಂದ ಕೂಡಲೇ ಅದರ ಮೇಲೆ ಹಬೆ ಕಟ್ಟಿರುತ್ತದೆ.