ಬೈತಲೆಯನ್ನು ಗಮನಿಸುತ್ತ ಕಳೆದ ಎರಡು ವರ್ಷ

ಮೊದಲ ತಿಂಗಳು ನಾನು ಕೂದಲನ್ನು ಎಣಿಸುವುದರಲ್ಲೇ ಕಳೆದೆ. ತಲೆ ತೊಳೆದ ಮೇಲೆ ನೀರು ಹೋಗುವ ಕಿಂಡಿಯ ಬಳಿ ಸುರುಳಿ ಸುತ್ತಿಕೊಂಡಿರುತ್ತಿದ್ದ ಕೂದಲನ್ನು ತೆಗೆದು, ಒಣಗಿಸಿ, ಬಿಳಿ ಕಾಗದದ ಮೇಲೆ ಹತ್ತತ್ತಾಗಿ ಇಡುತ್ತಿದ್ದೆ. ಒಂದು ದಿನ ಲೆಕ್ಕ ನಾನೂರನ್ನು ದಾಟಿದಾಗ ಕೈ ನಡುಗಿತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆಂದು ನನಗೆ ಗೊತ್ತಿತ್ತು. ಆದರೆ ಮೂರು ದಿನಕ್ಕೊಮ್ಮೆ ತಲೆ ತೊಳೆಯುವವಳ ಕೈಗೆ ಆ ಮೂರೂ ದಿನಗಳ ಕೂದಲು ಒಟ್ಟಿಗೇ ಬರುತ್ತದೆ ಎಂಬ ಸರಳ ಗಣಿತ ಆಗ ಹೊಳೆದಿರಲಿಲ್ಲ. ಹಾಗೆ ಭಾಗಿಸಿ ನೋಡಿದರೂ ನನ್ನ ಲೆಕ್ಕ ಮಿತಿಯನ್ನು ಮೀರಿತ್ತೆನ್ನುವುದು ಬೇರೆ ಮಾತು.

ಗಾಬರಿಯಲ್ಲಿ ಮೂರು ಶಾಂಪೂ ಬದಲಾಯಿಸಿದೆ, ಬಯೋಟಿನ್ ಎಂಬ ಬಿ ಗುಂಪಿನ ಜೀವಸತ್ವದ ಮಾತ್ರೆಗಳನ್ನು ನುಂಗತೊಡಗಿದೆ. ಒಂದು ಚಿಕಿತ್ಸಾಲಯದವರು ನನ್ನ ತಲೆಯನ್ನು ಸರಿಯಾಗಿ ನೋಡುವ ಮೊದಲೇ ಹತ್ತು ಚುಚ್ಚುಮದ್ದುಗಳ ಯೋಜನೆಯನ್ನು ಮುಂದಿಟ್ಟಾಗ ಎದ್ದು ಬಂದೆ. ನಂತರ ಕಂಡ ಚರ್ಮರೋಗ ತಜ್ಞೆ ಕೇಳಿದ ಮೊದಲ ಪ್ರಶ್ನೆಯೇ ನನ್ನ ದಿಕ್ಕನ್ನು ಬದಲಿಸಿತು: "ಮೂರು ತಿಂಗಳ ಹಿಂದೆ ನಿಮಗೆ ಏನಾಗಿತ್ತು?" ಆಗ ನನಗೆ ಹತ್ತು ದಿನ ತೀವ್ರ ಜ್ವರ ಬಂದಿತ್ತು. ಅದು ವಾಸಿಯಾಗಿ ಮರೆತೂ ಹೋಗಿದ್ದರಿಂದ, ಕೂದಲಿಗೂ ಜ್ವರಕ್ಕೂ ಸಂಬಂಧವಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಅತಿಯಾದ ಪಥ್ಯದಿಂದ ತೂಕ ಇಳಿಸಿಕೊಳ್ಳುವುದು ಮುಂತಾದ ಆಘಾತಗಳಾದಾಗ ಬಹಳಷ್ಟು ಕೂದಲು ಒಮ್ಮೆಗೇ ವಿಶ್ರಾಂತಿಗೆ ಜಾರುತ್ತದೆ. ಅದರ ಫಲ ಕಾಣುವುದು ಎರಡು-ಮೂರು ತಿಂಗಳ ನಂತರ. ಇದಕ್ಕೆ ಟೆಲೋಜನ್ ಎಫ್ಲುವಿಯಮ್ ಎಂದು ಹೆಸರು. ವೈದ್ಯೆ ನನ್ನ ಐವತ್ತು-ಅರುವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಹತ್ತಕ್ಕೂ ಹೆಚ್ಚು ಕೂದಲು ಕಿತ್ತು ಬಂತು. ಅವುಗಳ ತುದಿಯಲ್ಲಿದ್ದ ಬಿಳಿ ಗಂಟನ್ನು ಕಂಡು, ಬೇರೇ ಬಂದುಬಿಟ್ಟಿತಲ್ಲ ಎಂದು ನಾನು ಅಂಜಿದೆ. ಅದು ಬೇರಲ್ಲ, ವಿಶ್ರಾಂತಿಯಲ್ಲಿದ್ದ ಕೂದಲಿನ ಗುರುತು. ಮರಳಿ ಬೆಳೆಸುವ ಕೇಶಕೂಪ ಚರ್ಮದೊಳಗೇ ಉಳಿದಿರುತ್ತದೆ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕೇವಲ 11 ಇತ್ತು. ಮುಟ್ಟಿನ ಅತಿಯಾದ ಸ್ರಾವವನ್ನು ವರ್ಷಗಟ್ಟಲೆ ಸಹಜವೆಂದು ಸಹಿಸಿಕೊಂಡಿದ್ದರ ಲೆಕ್ಕ ಅಲ್ಲಿ ಸಿಕ್ಕಿತು. ಇನ್ನೊಂದು ತಮಾಷೆಯೂ ನಡೆಯಿತು. ಥೈರಾಯ್ಡ್ ಗ್ರಂಥಿಯ ಪರೀಕ್ಷೆಯಲ್ಲಿ, ಅದನ್ನು ಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ತೀರ ಕಡಿಮೆ ಬಂದು, ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆಯೇನೋ ಎಂಬ ಶಂಕೆ ಎದ್ದಿತು. ವೈದ್ಯೆ ನಾನು ನುಂಗುತ್ತಿದ್ದ ಮಾತ್ರೆಗಳ ಪಟ್ಟಿ ಕೇಳಿ, ಬಯೋಟಿನ್ ನಿಲ್ಲಿಸಲು ಹೇಳಿ, ಒಂದು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿದರು, ಎಲ್ಲವೂ ಸರಿಯಿತ್ತು. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಪ್ರಯೋಗಾಲಯ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ಅದರ ಕೊರತೆ ಅಪರೂಪ. ಕೊರತೆಯಿಲ್ಲದವರಿಗೆ ಅದರಿಂದ ಕೂದಲು ಬೆಳೆಯುವುದಕ್ಕೆ ಗಟ್ಟಿಯಾದ ಆಧಾರವೂ ಇಲ್ಲ. ಕೂದಲಿಗೆಂದು ಮಾರುವ ಪೂರಕಗಳ ಬಗ್ಗೆ ನನಗೆ ಅಂದಿನಿಂದ ವಿಶ್ವಾಸ ಉಳಿದಿಲ್ಲ. ಎ ಜೀವಸತ್ವ ಮತ್ತು ಸೆಲೆನಿಯಮ್ ಅತಿಯಾದರೆ ಕೂದಲು ಉದುರುತ್ತದೆಂಬುದನ್ನು ಆ ಡಬ್ಬಿಗಳ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಂಡೆ. ಐದು ತಿಂಗಳಾಗುವಷ್ಟರಲ್ಲಿ ಉದುರುವುದು ತಗ್ಗಿ, ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ಎದ್ದು ನಿಂತವು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜಡೆ ದಪ್ಪವಾಗುತ್ತಿದ್ದರೂ ಬೈತಲೆ ಮಾತ್ರ ಅಗಲವಾಗಿಯೇ ಉಳಿಯಿತು.

ಉದುರುವುದು ಬೇರೆ, ತೆಳುವಾಗುವುದು ಬೇರೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನಲ್ಲಿ ನನ್ನ ನೆತ್ತಿಯ ಮೇಲೆ ದಪ್ಪ ಕೂದಲ ಪಕ್ಕದಲ್ಲೇ ನವಿರಾದ, ಗಿಡ್ಡ ಎಳೆಗಳು ಕಂಡವು. ಕೇಶಕೂಪಗಳು ನಿಧಾನವಾಗಿ ಕುಗ್ಗುತ್ತಿದ್ದವು. ಇದು ಸ್ತ್ರೀ ಮಾದರಿಯ ಕೂದಲು ನಷ್ಟ. ಹಣೆಯಂಚು ಹಿಂದೆ ಸರಿಯದೆ ನೆತ್ತಿ ಮಾತ್ರ ವಿರಳವಾಗುವ ಈ ಬಗೆಯನ್ನು ಚರ್ಮರೋಗ ತಜ್ಞ ಲುಡ್ವಿಗ್ 1977ರಲ್ಲಿ ಮೂರು ಹಂತಗಳಾಗಿ ವಿಂಗಡಿಸಿದ್ದರು, ನನ್ನದು ಮೊದಲನೆಯದು. ಜ್ವರ ಅದನ್ನು ಹುಟ್ಟಿಸಿರಲಿಲ್ಲ, ಬಯಲಿಗೆ ತಂದಿತ್ತಷ್ಟೆ. ಮುಟ್ಟಿನ ಏರುಪೇರು, ಮುಖದ ಮೇಲೆ ದಪ್ಪ ಕೂದಲು, ಮೊಡವೆಗಳಿದ್ದರೆ, ಅಂಡಾಶಯ ಮತ್ತು ಹಾರ್ಮೋನುಗಳ ತೊಂದರೆಯಾದ ಪಿಸಿಓಎಸ್‌ಗಾಗಿ ಹಾರ್ಮೋನುಗಳನ್ನು ಪರೀಕ್ಷಿಸಬೇಕಾಗುತ್ತದೆ. ನನಗೆ ಅವು ಇರಲಿಲ್ಲ. ಗುಂಡನೆಯ ಬೋಳು ಮಚ್ಚೆ ಮೂಡಿದರೆ ಅಥವಾ ಉರಿಯೊಂದಿಗೆ ಚರ್ಮ ನಯವಾಗಿ ಹೊಳೆಯತೊಡಗಿದರೆ ಅದು ಬೇರೆಯೇ ರೋಗ. ಕಲೆ ಕಟ್ಟುವ ಬಗೆಯಾಗಿದ್ದರೆ, ಒಮ್ಮೆ ಹೋದ ಕೂಪ ಮರಳಿ ಬಾರದು.

ನನಗೆ ಹೇಳಿದ ಮದ್ದು ಮಿನಾಕ್ಸಿಡಿಲ್. ಮೂಲತಃ ರಕ್ತದೊತ್ತಡದ ಮಾತ್ರೆಯಾಗಿದ್ದ ಇದು, ರೋಗಿಗಳ ಮೈಮೇಲೆ ಕೂದಲು ಬೆಳೆಸಿದ್ದರಿಂದ ನೆತ್ತಿಗೆ ಬಂದಿತು. ದಿನಕ್ಕೊಮ್ಮೆ ಶೇಕಡಾ 5ರ ದ್ರಾವಣವನ್ನು ಕೂದಲಿಗಲ್ಲ, ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಮೂರನೆಯ ವಾರದಲ್ಲಿ ಉದುರುವಿಕೆ ಮತ್ತೆ ಹೆಚ್ಚಿತು. ಹಳೆಯ ಕೂದಲನ್ನು ನೂಕಿ ಹೊಸದು ಹೊರಡುವ ಕಾಲದಲ್ಲಿ ಹೀಗಾಗುತ್ತದೆಂದು ಮೊದಲೇ ಎಚ್ಚರಿಸದಿದ್ದರೆ ನಾನು ಬಾಟಲಿಯನ್ನು ಎಸೆದುಬಿಡುತ್ತಿದ್ದೆ. ಮಲಗುವ ಮುನ್ನ ಹಚ್ಚುತ್ತಿದ್ದುದರಿಂದ ದಿಂಬಿನ ಮೂಲಕ ಕೆನ್ನೆಗೂ ತಾಗಿ ಅಲ್ಲಿ ನವಿರು ಕೂದಲು ಮೂಡಿತು. ಎರಡು ಗಂಟೆ ಮೊದಲೇ ಹಚ್ಚಿ ಒಣಗಲು ಬಿಟ್ಟ ಮೇಲೆ ಅದು ಕಡಿಮೆಯಾಯಿತು. ಬೆಕ್ಕುಗಳಿಗೆ ಈ ದ್ರಾವಣ ವಿಷವಾದ್ದರಿಂದ ನಮ್ಮ ಬೆಕ್ಕಿಗೆ ಈಗ ನನ್ನ ದಿಂಬಿನ ಮೇಲೆ ಜಾಗವಿಲ್ಲ. ಬಸುರಿಯಾಗುವ ಯೋಚನೆಯಿರುವವರಿಗೆ ಇದನ್ನಾಗಲಿ ಪುರುಷ ಹಾರ್ಮೋನಿನ ಪರಿಣಾಮವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನಾಗಲಿ ಕೊಡುವುದಿಲ್ಲ.

ಎಣಿಕೆಯ ಬದಲು, ಮೂರು ತಿಂಗಳಿಗೊಮ್ಮೆ ಒಂದೇ ಕಿಟಕಿಯ ಬೆಳಕಿನಲ್ಲಿ ಒಣಗಿದ ಕೂದಲಿನ ಬೈತಲೆಯ ಚಿತ್ರ ತೆಗೆಯತೊಡಗಿದೆ. ಮೊದಲ ಎರಡು ಚಿತ್ರಗಳ ನಡುವೆ ವ್ಯತ್ಯಾಸವೇ ಇಲ್ಲ. ಆರನೆಯ ತಿಂಗಳಿನದರಲ್ಲಿ ಬೈತಲೆಯ ಎರಡೂ ಬದಿಗೆ ನೆರಳು ಕಂಡಿತು. ಹುಮ್ಮಸ್ಸಿನಲ್ಲಿ ಒಮ್ಮೆ ಔಷಧ ನಿಲ್ಲಿಸಿ, ನಾಲ್ಕು ತಿಂಗಳಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡು, ಮತ್ತೆ ಮೊದಲಿನಿಂದ ಆರಂಭಿಸಿದೆ. ಈಗಲೂ ಬೈತಲೆ ಇಪ್ಪತ್ತರ ವಯಸ್ಸಿನಂತಿಲ್ಲ. ಆದರೆ ಕಳೆದ ನಾಲ್ಕು ಚಿತ್ರಗಳಲ್ಲಿ ಅದು ಅಗಲವಾಗಿಲ್ಲ, ಫೆರಿಟಿನ್ 60ರ ಆಸುಪಾಸಿನಲ್ಲಿದೆ, ಮುಂದಿನ ಚಿತ್ರಕ್ಕೆ ಇನ್ನೂ ಐದು ವಾರಗಳಿವೆ.